ಹಿಂದಿನ ಸೀಟಿನಲ್ಲಿ ಕೇಳಿದ್ದು

ಲಿಂಗಣ್ಣನ ಕಾರಿಗೆ ಒಂದು ಕೆಟ್ಟ ಚಾಳಿ ಅಂಟಿಕೊಂಡಿತ್ತು. ಗಾವಡಗೆರೆಯಿಂದ ಮೈಸೂರಿಗೆ ಹೋಗುವಾಗ ತೆಪ್ಪಗೆ ಹೋಗುತ್ತಿತ್ತು. ಬರುವಾಗ ಬಿಳಿಕೆರೆ ಆಸುಪಾಸಿನಲ್ಲಿ ಎರಡು ಸಲ ಮುಗ್ಗರಿಸಿ ನಿಂತುಬಿಡುತ್ತಿತ್ತು. ಪ್ರತಿಸಲವೂ ನಿಂತಿದ್ದರೆ ಒಂದು ದಾರಿಯಾಗುತ್ತಿತ್ತೇನೋ. ಈ ವಾರ ನಿಂತರೆ ಮುಂದಿನ ವಾರ ಇಲ್ಲ. ಅರ್ಧ ಗಂಟೆ ಬಿಟ್ಟು ಕೀ ತಿರುಗಿಸಿದರೆ ಏನೂ ಆಗೇ ಇಲ್ಲವೆಂಬಂತೆ ಹೊರಡುತ್ತಿತ್ತು. ಇಪ್ಪತ್ತೊಂದು ವರ್ಷದ ಕಾರು, ನಾಚಿಕೆ ಬಿಟ್ಟು ಎಷ್ಟೋ ಕಾಲವಾಗಿತ್ತು.

ಒಬ್ಬನೇ ಇದ್ದಿದ್ದರೆ ಲಿಂಗಣ್ಣ ಮರದ ನೆರಳಲ್ಲಿ ಬೀಡಿ ಸೇದಿಕೊಂಡು ಕಾಯುತ್ತಿದ್ದ. ಆದರೆ ಹಿಂದಿನ ಸೀಟಿನಲ್ಲಿ ಹೆಂಡತಿ ಮಾಯಮ್ಮ ದಿಂಬಿಗೆ ತಲೆಯಿಟ್ಟು ಮಲಗಿರುತ್ತಿದ್ದಳು. ಬುಧವಾರ, ಶನಿವಾರ ಅವಳಿಗೆ ಮೈಸೂರಿನಲ್ಲಿ ಡಯಾಲಿಸಿಸ್. ನಾಲ್ಕು ಗಂಟೆ ಮೆಷಿನ್ನಿಗೆ ಮೈಕೊಟ್ಟು, ಹಿಂಡಿದ ಬಟ್ಟೆಯಂತಾಗಿ ಬಂದವಳು ರಸ್ತೆ ಬದಿಯ ಬಿಸಿಲಲ್ಲಿ ಬೇಯಬೇಕಿತ್ತು. ಬಸ್ಸು ಹತ್ತಿದರೆ ತಲೆಸುತ್ತು. ಬಾಡಿಗೆ ಕಾರಿನ ಸೆಂಟಿನ ವಾಸನೆಗೆ ವಾಂತಿ. ಈ ಮುದಿ ಕಾರೇ ಗತಿ.

ಆ ಬುಧವಾರ ಮತ್ತೆ ನಿಂತಾಗ ಮಾಯಮ್ಮ ಹೇಳಿಯೇಬಿಟ್ಟಳು. “ಇನ್ನೊಂದ್ ಸಲ ಇಂಗಾದ್ರೆ ನಾನ್ ಬರಾಕಿಲ್ಲ ಕಣ್ರೀ. ಸಾಕು ಬುಡಿ ಈ ಮಿಸಿನ್ನು. ಇರೋವಷ್ಟು ದಿನ ಮನೇಲೇ ಇರ್ತೀನಿ.”

ಕೂಗಾಡಿದ್ದರೆ ಲಿಂಗಣ್ಣ ಸಮಾಧಾನ ಹೇಳುತ್ತಿದ್ದ. ಅವಳು ಮೆಲ್ಲಗೆ, ಯಾವಾಗಲೋ ತೀರ್ಮಾನಿಸಿಟ್ಟವಳ ಹಾಗೆ ಹೇಳಿದ್ದಳು. ಕಾರು ಹೊರಟದ್ದೇ ತಡ, ಅವನು ಮನೆ ಕಡೆ ತಿರುಗದೆ ನೇರ ಹುಣಸೂರಿಗೆ ಬಿಟ್ಟ.

ಹುಣಸೂರಿನ ಮೆಕ್ಯಾನಿಕ್ ಸಲೀಂ ಆಗಲೇ ಮೂರು ಸಲ ಕಾರು ನೋಡಿದ್ದ. ಪ್ಲಗ್ ಬದಲಿಸಿದ್ದ, ಫಿಲ್ಟರ್ ಬದಲಿಸಿದ್ದ. ಓಡಿಸಿ ನೋಡಲೆಂದು ಪಿರಿಯಾಪಟ್ಟಣ ದಾಟಿ ಕೊಪ್ಪ ಮುಟ್ಟಿ ಬಂದರೂ ಕಾರು ಒಮ್ಮೆಯೂ ಕೆಮ್ಮಿರಲಿಲ್ಲ. ಬೇರೆಯವನಾಗಿದ್ದರೆ ಇಂಜಿನ್ನೇ ಇಳಿಸೋಣ ಎನ್ನುತ್ತಿದ್ದ. ಗೊತ್ತಾಗದ್ದನ್ನು ಗೊತ್ತಾಗಲಿಲ್ಲ ಎನ್ನುವ ಅಪರೂಪದ ಆಸಾಮಿ ಸಲೀಂ.

“ನಿಲ್ದೇ ಇದ್ರೆ ಏನಂತ ರಿಪೇರಿ ಮಾಡ್ಲಿ ಲಿಂಗಣ್ಣೋರೆ?” ಎಂದು ಈ ಸಲವೂ ಕೈಚೆಲ್ಲಿದ.

ಹಿಂದಿನ ಸೀಟಿನಿಂದ ಮಾಯಮ್ಮನ ದನಿ ಬಂತು. “ನಿಲ್ಲಕ್ ಮುಂಚೆ ಅದು ಅಳ್ತದೆ ಕಣಪ್ಪ.”

ಸಲೀಂ ಬಾಗಿಲಿಗೆ ಬಂದ. “ಏನಕ್ಕ ಅಳೋದು?”

“ಈ ಸೀಟಿನ್ ತಳದಲ್ಲಿ. ಯಾವಾಗ್ಲೂ ಗುಂಯ್ ಅಂತಿರ್ತದೆ. ನಿಲ್ಲಕ್ ಮುಂಚೆ ಕುಂಯ್ ಕುಂಯ್ ಅಂತದೆ, ಆಮೇಲೆ ಸುಮ್ಕಾಯ್ತದೆ. ನನ್ ಕಿವಿ ಅಲ್ಲೇ ಇರ್ತದಲ್ಲ.”

“ಇಷ್ಟ್ ದಿನ ಯಾಕಮ್ಮಿ ಹೇಳ್ನಿಲ್ಲ?” ಎಂದ ಲಿಂಗಣ್ಣ.

“ಓಡಿಸ್ತಿರೋರಿಗೆ ಗಾಬರಿ ಮಾಡ್ಲಾ?”

ಸಲೀಂ ಕೀ ತಿರುಗಿಸಿ ಮುಳ್ಳು ನೋಡಿದ. ಟ್ಯಾಂಕು ಫುಲ್. “ಪೆಟ್ರೋಲ್ ಯಾವಾಗ ಹಾಕ್ಸಿದ್ರಿ?”

“ಈಗ್ಲೇ, ಬಂಕಿಗೆ ಹೋಗೇ ಬಂದೆ. ನಿಮ್ತಾವ ಬರೋವಾಗೆಲ್ಲ ತುಂಬಿಸ್ಕಂಡೇ ಬತ್ತೀನಲ್ಲ.”

ಅದು ಲಿಂಗಣ್ಣನ ಅಪ್ಪ ಕೆಂಪಯ್ಯ ಕಲಿಸಿದ ಮರ್ಯಾದೆ. ಮೈ ಸರಿಯಿಲ್ಲದ ಎತ್ತನ್ನು ನಾಟಿವೈದ್ಯರ ಕೊಟ್ಟಿಗೆಯಲ್ಲಿ ಬಿಡುವಾಗ ಕೆಂಪಯ್ಯ ಒಂದು ಹೊರೆ ಹುಲ್ಲನ್ನೂ ಹೊತ್ತು ಹೋಗುತ್ತಿದ್ದ. ವಾಸಿ ಮಾಡುವವರ ಮನೆಯ ಮೇವು ತಿನ್ನಿಸಬಾರದೆಂದು. ಮಗ ಅದನ್ನೇ ಕಾರಿಗೂ ಪಾಲಿಸಿದ್ದ. ಮಿಕ್ಕ ದಿನ ಹೋಗಿಬರುವಷ್ಟೇ ಪೆಟ್ರೋಲು, ಗ್ಯಾರೇಜಿಗೆ ಬರುವ ದಿನ ಮಾತ್ರ ಭರ್ತಿ.

ಸಲೀಂ ತಲೆ ತಲೆ ಚಚ್ಚಿಕೊಂಡ. “ಅಲ್ಲಣ್ಣಾ, ಫ್ಯೂಯೆಲ್ ಪಂಪು ಟ್ಯಾಂಕ್ ಒಳಗೇ ಮುಳುಗಿರುತ್ತೆ. ಪೆಟ್ರೋಲೇ ಅದನ್ನ ತಣ್ಣಗಿಡೋದು. ಪೆಟ್ರೋಲ್ ಕಮ್ಮಿ ಆದ್ರೆ ಹಳೇ ಪಂಪು ಕಾದು ಕೂತ್ಬಿಡುತ್ತೆ, ಆರಿದ್ಮೇಲೆ ಏಳುತ್ತೆ. ನೀವು ರೋಗಕ್ಕೆ ತಣ್ಣೀರು ಕುಡಿಸ್ಕಂಡು ನನ್ ಮುಂದೆ ತಂದ್ ನಿಲ್ಸಿದ್ರೆ ನಂಗೆಲ್ಲಿ ಸಿಕ್ಕುತ್ತೆ?”

ಆದರೂ ಖಾತ್ರಿಯಾಗಬೇಕಿತ್ತು. ಟ್ಯಾಂಕಿನ ಪೆಟ್ರೋಲನ್ನು ಕ್ಯಾನುಗಳಿಗೆ ಇಳಿಸಿ, ತಳದಲ್ಲಿ ಒಂದಿಷ್ಟು ಉಳಿಸಿದ. “ಅಕ್ಕ, ನೀವು ನಮ್ ಮನೇಲಿ ಮಲಗಿರಿ, ಮುನ್ನೀಬಿ ಇದಾಳೆ” ಎಂದು ತನ್ನ ಹೆಂಡತಿಯನ್ನು ಕರೆಯಹೊರಟ. ಮಾಯಮ್ಮ ಜಪ್ಪಯ್ಯ ಎನ್ನಲಿಲ್ಲ. “ಆ ಸದ್ದು ನಿಂಗೇನ್ ಗೊತ್ತು? ನಾನೂ ಬತ್ತೀನಿ.”

ಎಚ್.ಡಿ. ಕೋಟೆ ರಸ್ತೆಯಲ್ಲಿ ಹೊರಟರು. ಹತ್ತು ಕಿಲೋಮೀಟರು ಏನೂ ಇಲ್ಲ. ಇನ್ನೂ ನಾಲ್ಕು ಕಳೆದ ಮೇಲೆ ಮಾಯಮ್ಮ ಕೈ ಎತ್ತಿದಳು. “ಸುರುವಾಯ್ತು.” ಸಲೀಂ ಹಿಂದಕ್ಕೆ ಬಗ್ಗಿ ಕಿವಿಗೊಟ್ಟ. ಅಷ್ಟರಲ್ಲಿ ಕಾರು ಎರಡು ಸಲ ಮುಗ್ಗರಿಸಿ ನಿಂತಿತು.

“ನಿಂತ್ಕಂತು!” ಎಂದು ಲಿಂಗಣ್ಣ ಕುಣಿದೇಬಿಟ್ಟ. ಕಾರು ಕೆಟ್ಟು ನಿಂತದ್ದಕ್ಕೆ ಇಷ್ಟು ಖುಷಿಪಟ್ಟವರನ್ನು ಆ ರಸ್ತೆ ಹಿಂದೆಂದೂ ಕಂಡಿರಲಾರದು.

ಮಾಯಮ್ಮನನ್ನು ಮುಂದೆ ಕೂರಿಸಿ ಸಲೀಂ ಹಿಂದಿನ ಸೀಟು ಎತ್ತಿದ. ಪಂಪಿಗೆ ಹೋಗುವ ವೈರಿಗೆ ಟೆಸ್ಟ್ ಲ್ಯಾಂಪ್ ಹಿಡಿದ; ಹತ್ತಿತು. ಕರೆಂಟು ಬರುತ್ತಿದೆ, ಪಂಪು ಮಾತ್ರ ಮೂಕ. ಇನ್ನು ಅನುಮಾನ ಉಳಿಯಲಿಲ್ಲ.

ಶುಕ್ರವಾರ ಹೊಸ ಪಂಪು ಕೂತಿತು. ಸಲೀಂ ಕ್ಯಾನಿನ ಪೆಟ್ರೋಲನ್ನೆಲ್ಲ ವಾಪಸ್ ಸುರಿಯಹೋದರೆ ಲಿಂಗಣ್ಣ ಬಿಡಲಿಲ್ಲ; ಕಮ್ಮಿಯಲ್ಲೇ ಓಡಿಸಿ ನೋಡಬೇಕು, ಮಿಕ್ಕಿದ್ದು ಇಲ್ಲೇ ಇರಲಿ ಎಂದ. ಆಮೇಲೆ ಸಲೀಮನ ಎರಡೂ ಕೈ ಹಿಡಿದುಕೊಂಡ. “ನೀವು ಮಾಡಿದ ಉಪಕಾರ ನಾನ್ ಮರೆಯಾಕಿಲ್ಲ ಸಾಬ್ರೇ.”

“ನಂಗ್ಯಾಕೆ ಹೇಳ್ತೀರಿ? ನಾನ್ ಮೂರು ಸಲ ಬಾನೆಟ್ ಎತ್ತಿದ್ನೇ ಹೊರ್ತು ಹಿಂದೆ ಮಲಗಿರೋರ್ನ ಒಂದ್ಮಾತು ಕೇಳ್ಲಿಲ್ಲ. ಅಕ್ಕಂಗೆ ಹೇಳಿ.”

ನಲವತ್ತು ವರ್ಷದ ಸಂಸಾರದಲ್ಲಿ ಲಿಂಗಣ್ಣ ಹೆಂಡತಿಗೆ ಅಂಥ ಮಾತು ಆಡಿದವನಲ್ಲ. ಶನಿವಾರ ಬೆಳಿಗ್ಗೆ ಮಾಯಮ್ಮ ತಾನೇ ದಿಂಬು ಹಿಡಿದು ಬಂದು ಕಾರಿನಲ್ಲಿ ಕೂತಾಗಲೂ ಬಾಯಿ ಬರಲಿಲ್ಲ. ಮೈಸೂರಿನಿಂದ ಬರುತ್ತಾ, ಮುಳ್ಳು ಕೆಳಗಿಳಿದು ಬಿಳಿಕೆರೆ ಹತ್ತಿರವಾದಾಗ, ಮಾತು ತೆಗೆದ.

“ಮಾಯೀ, ನೀನು ಹೇಳ್ದೇ ಇದ್ದಿದ್ರೆ...”

ಕನ್ನಡಿಯಲ್ಲಿ ಹಿಂದಿನ ಸೀಟು ನೋಡಿದ. ಮಾಯಮ್ಮ ಬಾಯಿ ತೆರೆದುಕೊಂಡು ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು.

ಇಷ್ಟು ತಿಂಗಳೂ ಅವಳು ಹೀಗೇ ನಿದ್ದೆ ಮಾಡುತ್ತಾಳೆಂದು ಅವನು ತಿಳಿದಿದ್ದ. ಒಂದು ದಿನವೂ ಮಾಡಿರಲಿಲ್ಲವೆಂದು ಈ ಗೊರಕೆ ಕೇಳಿದಾಗ ಹೊಳೆಯಿತು. ಅಷ್ಟು ಸುಸ್ತಿನಲ್ಲೂ ಕಣ್ಣು ಮುಚ್ಚಿ, ಆ ಸದ್ದಿಗೆ ಹೆದರಿ, ಅವನಿಗೆ ಗೊತ್ತಾಗದ ಹಾಗೆ ಕಿವಿಗೊಟ್ಟು ಮಲಗಿದ್ದಳು. ಈಗ ಕೇಳಿಸಿಕೊಳ್ಳಬೇಕಾದ್ದು ಏನೂ ಉಳಿದಿರಲಿಲ್ಲ.

ಲಿಂಗಣ್ಣನ ಕಣ್ಣು ಮಂಜಾದವು. ಆಡಬೇಕಾದ ಮಾತನ್ನು ಆ ನಿದ್ದೆಗೇ ಆಡಿ ಮುಗಿಸಿದ, ಅವಳಿಗೆ ಎಚ್ಚರವಾಗದಷ್ಟು ಮೆಲ್ಲಗೆ. ಕಾರು ಬಿಳಿಕೆರೆ ದಾಟಿತು.