ಗಂಗೋತ್ರಿಯ ಜೋಡಿ

ಯಶವಂತನಗರದ ಗಣಿ ಕಂಪನಿಯೊಂದರ ಸುರಕ್ಷತಾ ವಿಭಾಗದಲ್ಲಿ ಗಂಗೋತ್ರಿಗೆ ಕೆಲಸ. ಹಗಲೂ ರಾತ್ರಿ ಅದಿರಿನ ಲಾರಿಗಳು ಓಡುತ್ತಿದ್ದ ಕಾಲ ಅದು. ನೀರು ತುಂಬಿದ ಹಳೆಯ ಗುಂಡಿಗೆ ಲಾರಿಯೊಂದು ಉರುಳಿದಾಗ, ಡ್ರೈವರನ ಹೆಣ ತೆಗೆಯಲು ಹೊರಗಿನವರು ಬರಬೇಕಾಯಿತು. ಆಮೇಲೆ ಕಂಪನಿ ತನ್ನದೇ ಮುಳುಗು ತಂಡ ಕಟ್ಟಲು ಹೊರಟಿತು. ಕಂಪ್ಲಿಯ ಹೊಳೆಯಲ್ಲಿ ಈಜಿ ಬೆಳೆದಿದ್ದ ಗಂಗೋತ್ರಿ ಹೆಸರು ಕೊಟ್ಟಳು. ತಂಡದಲ್ಲಿ ಹೆಣ್ಣು ಅವಳೊಬ್ಬಳೇ.

ತರಬೇತಿ ಹೊಸಪೇಟೆ ಡ್ಯಾಮಿನ ಹಿನ್ನೀರಿನಲ್ಲಿ. ಕಲಿಸಲು ಕಾರವಾರದಿಂದ ಗಾಂವ್ಕರ್ ಸರ್ ಬಂದಿದ್ದರು.

"ಕೆಳಗೆ ಯಾರೂ ಒಬ್ಬರೇ ಇಳಿಯುವ ಹಾಗಿಲ್ಲ, ಜೋಡಿ ಬೇಕು. ಜೋಡಿಯ ಮುಖ ನೋಡ್ತಾ ಇರಿ. ನೀರಿಗೆ ಇಳಿಯೋ ಮೊದಲೇ ಭಯ ಕಾಣುತ್ತೆ. ಗಾಬರಿಯಾದ್ರೆ ಮೊದಲು ನಿಲ್ಲಿ, ಉಸಿರಾಡಿ. ಯೋಚನೆ, ಕೆಲಸ ಎಲ್ಲ ಆಮೇಲೆ" ಎಂದರು.

ಗಂಡಸರೆಲ್ಲ ತಮ್ಮತಮ್ಮಲ್ಲೇ ಜೋಡಿಯಾದರು. ಅಭ್ಯಾಸದಲ್ಲಿ ಒಬ್ಬರನ್ನೊಬ್ಬರು ಹಿಡಿಯಬೇಕು, ಎಳೆಯಬೇಕು; ಹೆಣ್ಣುಮಗಳ ಜೊತೆ ಅದೆಲ್ಲ ಹೇಗೆ ಎಂಬ ಮುಜುಗರ. ಗಂಗೋತ್ರಿ ನೆಲ ನೋಡುತ್ತ ನಿಂತಿದ್ದಾಗ ಬ್ಲಾಸ್ಟಿಂಗ್ ವಿಭಾಗದ ಪಕೀರಪ್ಪ ಪಕ್ಕಕ್ಕೆ ಬಂದ.

"ಬಾರವಾ ತಂಗಿ, ನಾನದೀನಿ."

ಅಷ್ಟು ಸಾಕಾಯಿತು ಅವಳಿಗೆ. ಅಂದಿನಿಂದ ಕಂಪನಿ ಬಸ್ಸಿನಲ್ಲಿ ಮಾತಾಡಲು ಒಬ್ಬ ಅಣ್ಣ ಸಿಕ್ಕಿದ.

ಆಳಕ್ಕೆ ಇಳಿಯುವ ದಿನ ಪಕೀರಪ್ಪ ವಿಪರೀತ ಮಾತಾಡುತ್ತಿದ್ದ. ಬಿಗಿದ ಜಾಕೆಟ್ ಪಟ್ಟಿಯನ್ನೇ ಮತ್ತೆ ಮತ್ತೆ ಬಿಗಿದ.

"ಅಣ್ಣಾ, ಬ್ಯಾಡ ಅನಿಸಿದ್ರ ಹೇಳ್ರಿ."

"ಏ, ಗುಡ್ಡಾನ ಹಾರಿಸೋ ಮನಷ್ಯಾ ನಾ!"

ಕೆಳಗೆ ನೀರು ಮಬ್ಬಾಗಿತ್ತು. ಸ್ವಲ್ಪ ಹೊತ್ತಿಗೇ ಪಕೀರಪ್ಪನ ಬಾಯಿಂದ ಗುಳ್ಳೆಗಳು ದಬದಬನೆ ಏಳತೊಡಗಿದವು. ಮಾಸ್ಕಿನ ಗಾಜಿನ ಹಿಂದೆ ಕಣ್ಣು ಇಷ್ಟಗಲ. ಉಸಿರಿನ ಕೊಳವೆಯನ್ನು ಬಾಯಿಂದ ಕಿತ್ತೊಗೆದು ಕೈಕಾಲು ಬಡಿಯಲು ಶುರುಮಾಡಿದ. ಗಂಗೋತ್ರಿಯ ಎದೆಯೂ ಹಾರಿತು. ನಿಂತಳು. ಒಂದು ಉದ್ದ ಉಸಿರು ಎಳೆದು ಬಿಟ್ಟಳು. ಆಮೇಲೆ ಅವನ ಹಿಂದಿನಿಂದ ಹೋಗಿ ಜಾಕೆಟ್ ಹಿಡಿದು, ಕೊಳವೆಯನ್ನು ಅವನ ಬಾಯಿಗಿಟ್ಟು ಅಲ್ಲೇ ಒತ್ತಿಹಿಡಿದಳು. ಎದುರಿಗೆ ಬಂದು, ನಿಧಾನ, ನಿಧಾನ ಎಂದು ಕೈಯಲ್ಲಿ ತೋರಿಸಿದಳು. ಅವನು ಅವಳ ಮುಂಗೈಯನ್ನು ಉಗುರು ನಾಟುವಂತೆ ಹಿಡಿದುಕೊಂಡ. ಹಾಗೇ, ಅವಸರವಿಲ್ಲದೆ, ಇಬ್ಬರೂ ಮೇಲೆ ಬಂದರು.

ದೋಣಿ ಹತ್ತಿದೊಡನೆ ಪಕೀರಪ್ಪನೇ ಮೊದಲು ಬಾಯಿಬಿಟ್ಟ.

"ಅಕಿ ಮಾಸ್ಕಿನ್ಯಾಗ ನೀರು ಹೊಕ್ಕಿತ್ರಿ ಸರ್, ಗಾಬರಿ ಆದ್ಲು. ನಾನೇ ಮ್ಯಾಲೆ ಕರ್ಕೊಂಡು ಬಂದೆ."

ಗಂಗೋತ್ರಿ ಅವನ ಮುಖ ನೋಡಿದಳು. ತುಟಿ ಇನ್ನೂ ನೀಲಿಗಟ್ಟಿತ್ತು. ಅವಳು ತಲೆ ಬಗ್ಗಿಸಿ ತನ್ನ ಜಾಕೆಟ್ಟಿನ ಪಟ್ಟಿ ಬಿಚ್ಚತೊಡಗಿದಳು. "ನಾವು ಹೇಳಿದ್ದಿಲ್ಲೇನು, ಹೆಣ್ಮಕ್ಕಳ ಕೆಲಸ ಅಲ್ಲ ಇದು" ಎಂದು ಯಾರೋ ನಕ್ಕರು.

ದಡದಲ್ಲಿ ಸಾಮಾನು ಕಟ್ಟುವಾಗ ಗಾಂವ್ಕರ್ ಸರ್ ಹತ್ತಿರ ಬಂದರು.

"ಮೇಲಿಂದ ಗುಳ್ಳೆ ನೋಡ್ತಿದ್ದೆ. ಒಬ್ಬರದು ನಿಧಾನ, ಇನ್ನೊಬ್ಬರದು ಕುದಿಯೋ ನೀರು. ಇಳಿಯೋ ಮೊದಲೇ ಇಬ್ಬರ ಮುಖಾನೂ ನೋಡಿದ್ದೆ, ಯಾರದು ಯಾವುದು ಅಂತ ಗೊತ್ತು. ಎಲ್ಲರ ಮುಂದೆ ಹೇಳ್ಲಾ?"

"ಬ್ಯಾಡ್ರಿ ಸರ್. ಅವ್ರು ಗಣಿಯಾಗ ಮುಖ ಎತ್ತಿ ಓಡಾಡ್ಬೇಕಲ್ರಿ."

"ಕಾಪಾಡಿದವರಿಗೆ ನಡುಕ ತಡವಾಗಿ ಬರುತ್ತೆ. ಇವತ್ತು ಒಬ್ಬರೇ ಇರಬೇಡಿ. ಮನೇಲಿ ಯಾರಿದ್ದಾರೆ?"

"ಅದಾರ್ರಿ" ಎಂದು ಸುಳ್ಳು ಹೇಳಿದಳು.

ಬಸ್ಸಿನಲ್ಲಿ ಪಕೀರಪ್ಪ ಡ್ರೈವರನ ಹಿಂದೆ ಹೋಗಿ ಕೂತ. "ನಾಳಿಂದ ನಾ ಬರಂಗಿಲ್ಲಪಾ, ಡ್ಯೂಟಿ ಅದ" ಎಂದು ಗಟ್ಟಿಯಾಗಿ ಹೇಳಿದ. ಅವಳ ಕಡೆ ತಿರುಗಲಿಲ್ಲ. ಇಳಿಯುವವರೆಗೂ ಅವಳ ಪಕ್ಕದ ಸೀಟು ಖಾಲಿಯೇ ಇತ್ತು.

ಕ್ವಾರ್ಟರ್ಸಿನ ಬೀಗ ತೆಗೆಯುವಾಗ ಕೀಲಿ ತೂತಿಗೆ ಹೋಗಲೊಲ್ಲದು. ಗಂಗೋತ್ರಿ ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತಳು. ಆಮೇಲೆ ಪಕ್ಕದ ಮನೆಯ ಯಲ್ಲಕ್ಕನ ಬಾಗಿಲು ಬಡಿದಳು. ಒಂದೇ ಸಾಲಿನಲ್ಲಿದ್ದರೂ ಅವರ ನಡುವೆ ಅಷ್ಟಾಗಿ ಮಾತಿರಲಿಲ್ಲ.

"ಸ್ವಲ್ಪ ಹೆಪ್ಪು ಬೇಕಾಗಿತ್ತರಿ."

ಯಲ್ಲಕ್ಕ ರೊಟ್ಟಿ ಬಡಿಯುವುದನ್ನು ಬಿಟ್ಟು ಎದ್ದು ಬಂದಳು. "ಯಾಕವ್ವಾ ಹಿಂಗ ನಡಗತಿ? ಜ್ವರ ಬಂದಾವೇನು?"

"ಹೂಂ, ಬಂದಿರಬೇಕು."

ಯಲ್ಲಕ್ಕ ಹಿಟ್ಟು ಮೆತ್ತಿದ ಅಂಗೈಯನ್ನು ಅವಳ ಹಣೆಗಿಟ್ಟಳು.

"ಮೈ ತಣ್ಣಗದಲ್ಲವ್ವಾ."

ಗಂಗೋತ್ರಿ ಕಣ್ಣು ಮುಚ್ಚಿಕೊಂಡಳು. ಆ ಕೈ ಇನ್ನೊಂದಿಷ್ಟು ಹೊತ್ತು ಅಲ್ಲೇ ಇರಲಿ ಎಂದು ಅಲುಗಾಡದೆ ನಿಂತಳು.