ಜಯಲತಾ ಎಂಜಾಯ್ ಮಾಡಲು ಹೊರಟದ್ದು

ಡೊಂಬಿವಲಿ ಪೂರ್ವದ ಸಮಸ್ತ ನಾಗರಿಕರ ಗಮನಕ್ಕೆ: ಇಲ್ಲಿನ ಹೋಟೇಲು ಮಾಲೀಕ ವಸಂತಕುಮಾರರ ಧರ್ಮಪತ್ನಿ ಶ್ರೀಮತಿ ಜಯಲತಾ ಅವರು ಬರುವ ಗುರುವಾರ ಎಂಜಾಯ್ ಮಾಡಲು ನಿರ್ಧರಿಸಿರುತ್ತಾರೆ. ಈ ಬಗ್ಗೆ ಯಾರೂ ಗಾಬರಿಗೊಳ್ಳಬೇಕಾಗಿಲ್ಲ.

ಗಾಬರಿಗೊಂಡರು. ಮೊದಲಿಗರು ಸ್ವತಃ ವಸಂತಕುಮಾರರು. ಬೆಳಗಿನ ಕಾಫಿಯ ಹೊತ್ತಿಗೆ ಹೆಂಡತಿ, "ಗುರುವಾರ ನಾನು ಇರುದಿಲ್ಲ. ಸ್ವಲ್ಪ ಎಂಜಾಯ್ ಮಾಡ್ಲಿಕ್ಕೆ ಹೋಗ್ತೇನೆ" ಎಂದಾಗ ಅವರು ಅದ್ದಿ ಹಿಡಿದಿದ್ದ ಬಿಸ್ಕತ್ತು ಮುರಿದು ಕಾಫಿಯ ತಳ ಸೇರಿತು.

"ಎಂತ ಮಾಡ್ಲಿಕ್ಕೆ?"

"ಎಂಜಾಯ್."

"ಯಾರೊಟ್ಟಿಗೆ?"

"ಒಬ್ಬಳೇ."

ವಸಂತಕುಮಾರರು ಬಿಸ್ಕತ್ತನ್ನು ಹುಡುಕುವ ನೆಪದಲ್ಲಿ ಲೋಟದೊಳಗೆ ತುಂಬಾ ಹೊತ್ತು ನೋಡಿದರು.

ಆ ಮನೆಯಲ್ಲಿ ಎಂಜಾಯ್ ಎಂಬ ಪದಕ್ಕೆ ಪ್ರವೇಶ ಇರಲಿಲ್ಲ ಅಂತಲ್ಲ. ಇತ್ತು. ಆದರೆ ಅದನ್ನು ಇನ್ನೊಬ್ಬರ ಮೇಲೆ ಪ್ರಯೋಗಿಸಬೇಕು ಎಂಬುದು ಪದ್ಧತಿ. ಥಾಣೆಯ ನಾದಿನಿ ಪ್ರಭಾ ಊರಿಗೆ ಹೋಗಿ ಬಂದರೆ 'ಅವಳಿಗೇನು, ಎಂಜಾಯ್ ಮಾಡಿ ಬಂದ್ಲು'. ಕೆಳಗಿನ ಫ್ಲ್ಯಾಟಿನವನು ರಿಟೈರಾಗಿ ಬಾಲ್ಕನಿಯಲ್ಲಿ ಕೂತರೆ 'ಎಂಜಾಯ್ ಮಾಡ್ತಿದ್ದಾನೆ ಬಡ್ಡೀಮಗ'. ಅಂದರೆ ಅದೊಂದು ಆಪಾದನೆ. ಆಪಾದನೆಯನ್ನು ತಾನಾಗಿಯೇ ಎಳೆದು ಮೈಮೇಲೆ ಹೊದ್ದುಕೊಳ್ಳುವ ಹೆಂಗಸನ್ನು ಆ ಕುಟುಂಬ ಕಂಡಿರಲಿಲ್ಲ.

ಮಗ ಸಮಿತ್ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಹೊರಬಂದ. "ಮಮ್ಮಿ, ತಬಿಯತ್ ಠೀಕ್ ಹೈ ನಾ? ಹುಷಾರಿದ್ದೀಯಲ್ಲ?"

ಅವನು ಬಾಯಿ ಮುಕ್ಕಳಿಸುವಷ್ಟರಲ್ಲಿ ಸುದ್ದಿ ಥಾಣೆ ಮುಟ್ಟಿ, ಅಲ್ಲಿಂದ ಫೋನೂ ಬಂತು.

"ಅತ್ತಿಗೆ, ಅಣ್ಣ ಹೇಳಿದ್ದು ಹೌದಾ?" ಪ್ರಭಾ ಸ್ವರ ತಗ್ಗಿಸಿದಳು. "ನೀವು ಎಂಜಾಯ್ ಮಾಡ್ತೀರಂತೆ? ಈ ಪ್ರಾಯದಲ್ಲಿ? ಡಾಕ್ಟರಿಗೆ ತೋರಿಸಿದ್ರಾ?"

"ಡಾಕ್ಟರಿಗೂ ಹೇಳ್ತೇನೆ, ಅವರೂ ಮಾಡ್ಲಿ" ಎಂದು ಜಯಲತಾ ಫೋನಿಟ್ಟರು.

ಅವರ ಆಸೆ ಯಾರೂ ಹೆದರುವಂಥದ್ದಾಗಿರಲಿಲ್ಲ. ಅದನ್ನು ತಲೆಯೊಳಗೆ ಬಿತ್ತಿದವನು ಈ ಸಮಿತ್‌ನೇ. ಹೋಟೇಲಿಗೆ ಹೊಸ ಕಳೆ ತರುತ್ತೇನೆಂದು ಹೊರಟು, ವೇಟರುಗಳನ್ನು ಸಾಲಾಗಿ ನಿಲ್ಲಿಸಿ ತರಬೇತಿ ಕೊಟ್ಟಿದ್ದ. ತಟ್ಟೆ ಇಡಬೇಕು, ಕೈ ಹಿಂದೆ ಕಟ್ಟಬೇಕು, ತುಸು ಬಾಗಿ 'ಎಂಜಾಯ್ ಸರ್', 'ಎಂಜಾಯ್ ಮೇಡಂ' ಅನ್ನಬೇಕು. ಈಗ ದೊಡ್ಡ ಹೋಟೇಲುಗಳಲ್ಲೆಲ್ಲ ಹೀಗೇ ಅಂತೆ. ಅಡುಗೆಮನೆಯ ಕಿಂಡಿಯಿಂದ ಜಯಲತಾ ನೋಡುತ್ತಿದ್ದರು. ದಾರಿಯುದ್ದಕ್ಕೂ ಜಗಳಾಡಿಕೊಂಡು ಬಂದ ಗಂಡಹೆಂಡಿರಿಗೂ ಎಂಜಾಯ್. ಹಲ್ಲು ಕೀಳಿಸಿಕೊಂಡು ಬಂದು ಕೆನ್ನೆ ಹಿಡಿದು ಮೊಸರನ್ನ ಕೇಳಿದ ಮುದುಕನಿಗೂ ಎಂಜಾಯ್. ಮದುವೆಯಾಗಿ ಬಂದಾಗಿನಿಂದ ಆ ಹೋಟೇಲಿನ ಚಟ್ನಿ ಸಾಂಬಾರು ನೋಡಿಕೊಂಡು, ಗದ್ದಲ ಇಳಿದ ಮೇಲೆ ಉಳಿದದ್ದನ್ನು ತಿಂದ ತನ್ನ ಮುಂದೆ ಮಾತ್ರ ಯಾರೂ ಬಾಗಿರಲಿಲ್ಲ.

ಒಂದೇ ಒಂದು ಸಲ, ದುಡ್ಡು ಕೊಡುವ ಗಿರಾಕಿಯಾಗಿ ಕೂರಬೇಕು. ಗುರುತಿಲ್ಲದ ಹುಡುಗನೊಬ್ಬ ಬಿಸಿ ತಟ್ಟೆ ಇಟ್ಟು, ಬಾಗಿ, ಆ ಮಾತು ಹೇಳಬೇಕು. ಇಷ್ಟೇ.

ಇಷ್ಟಕ್ಕೆ ಅಡ್ಡ ಬಂದದ್ದು ಜಾಗ. ತಮ್ಮಂಥ ಉಡುಪಿ ಕಡೆಯ ಹೋಟೇಲಿನವರ ಮನೆಯವರಿಗೆ ಇನ್ನೊಬ್ಬ ಹೋಟೇಲಿನವನು ಬಿಲ್ ಕೊಡುವುದಿಲ್ಲ. ಕೊಟ್ಟರೆ ಸಂಬಂಧ ಕೆಟ್ಟಿತೆಂದೇ ಅರ್ಥ. ಕಲ್ಯಾಣದಲ್ಲಿ ಗಂಡನ ದೊಡ್ಡಪ್ಪನ ಮಗ. ಥಾಣೆಯಲ್ಲಿ ಪ್ರಭಾಳ ಮಾವ. ರಬಾಳೆಯಲ್ಲಿ ಕಾರ್ಖಾನೆಯ ಕ್ಯಾಂಟೀನು ನಡೆಸುವವನು ಪ್ರಭಾಳ ಮದುವೆಯಲ್ಲಿ ಸೊಂಟಕ್ಕೆ ಟವೆಲು ಕಟ್ಟಿ ಬಡಿಸಿದವನು. ಕಳಂಬೋಲಿಯ ಕಬ್ಬಿಣದ ಮಾರ್ಕೆಟಿನಲ್ಲಾದರೂ ಪರಕೀಯರು ಸಿಕ್ಕಾರೆಂದರೆ, ಅಲ್ಲಿ ಟೀ ಮಾರುವವನೂ ವಸಂತಕುಮಾರರ ಕ್ಲಾಸ್‌ಮೇಟು. ಕೊನೆಗೆ ಉಳಿದದ್ದು ಖಾರಘರ. ಗಾಜಿನ ಬಾಗಿಲು, ದಿಲ್ಲಿಯ ಮಾಲೀಕ, ಊದಿನಕಡ್ಡಿಯ ವಾಸನೆಯಿಲ್ಲದ ಹೊಸ ರೆಸ್ಟೋರೆಂಟು.

ಗುರುವಾರ ಜಯಲತಾ ಮದುವೆಮನೆಗೆ ಉಡುವ ಸೀರೆ ಉಟ್ಟು, ಥಾಣೆಯಲ್ಲಿ ಗಾಡಿ ಬದಲಿಸಿ, ಖಾರಘರದಲ್ಲಿ ಇಳಿದರು. ಗಾಜಿನ ಬಾಗಿಲನ್ನು ಒಬ್ಬ ತೆರೆದು ಹಿಡಿದ. ಎ.ಸಿ.ಯ ಗಾಳಿ ಮುಖಕ್ಕೆ ಬಡಿದಾಗ ಎಂಜಾಯ್ ಶುರುವಾಯಿತೋ ಏನೋ ಎಂದು ಅನುಮಾನವಾಯಿತು. ಕಿಟಕಿಯ ಪಕ್ಕ ಕೂತು, ತಮ್ಮ ಹೋಟೇಲಿನಲ್ಲಿ ಮಾಡದ ತಿಂಡಿಯೇ ಬೇಕೆಂದು ಛೋಲೆ ಭಟೂರೆ ಹೇಳಿದರು. ಬರೆದುಕೊಂಡ ಹುಡುಗನ ಎದೆಯ ಮೇಲೆ ರೇವಣಸಿದ್ದ ಎಂದಿತ್ತು. ಅತ್ತ ಪಕ್ಕದ ಮೇಜಿಗೆ ತಟ್ಟೆ ಬಂತು. ಹುಡುಗ ಬಾಗಿದ. "ಎಂಜಾಯ್ ಸರ್." ಜಯಲತಾ ಮೇಜಿನ ಮೇಲಿದ್ದ ಪರ್ಸು ಸರಿಸಿ ತಟ್ಟೆಗೆ ಜಾಗ ಮಾಡಿದರು. ಮುಂದಿನದು ತನ್ನದೇ.

ಅಷ್ಟರಲ್ಲಿ ಬಾಗಿಲ ಬಳಿಯ ಮೂರನೇ ನಂಬರಿನ ಮೇಜಿನ ಹೆಂಗಸೊಬ್ಬಳು ಖಾಲಿ ಲೋಟ ಎತ್ತಿ ಆಡಿಸುತ್ತಿದ್ದಳು. ಯಾರೂ ನೋಡುತ್ತಿಲ್ಲ. ಜಯಲತಾ ತಡೆದುಕೊಂಡರು. ತಡೆದುಕೊಂಡರು. ಆಗಲಿಲ್ಲ.

"ಮೂರಕ್ಕೆ ನೀರು!"

ಆ ಸ್ವರಕ್ಕೆ ಇಬ್ಬರು ವೇಟರುಗಳು ಒಟ್ಟಿಗೇ ಓಡಿದರು. ಗಲ್ಲಾದಲ್ಲಿದ್ದ ಮ್ಯಾನೇಜರ್ ತಲೆಯೆತ್ತಿದ. ಎದ್ದು ಬಂದ. ಅವನ ಹೆಸರು ಸಾತ್ವಿಕ.

"ಅಕ್ಕ, ನೀವು ಹೋಟೇಲಿನವರಾ?"

ಕನ್ನಡ ಕೇಳಿ ಜಯಲತಾರಿಗೆ ಜೀವ ಹಾರಿತು. "ಅಲ್ಲ. ನಾನು ಗಿರಾಕಿ."

"ಗಿರಾಕಿಗಳು ಟೇಬಲ್ ನಂಬರು ಹೇಳುದಿಲ್ಲ ಅಕ್ಕ. ಊರೆಲ್ಲಿ?"

"ಡೊಂಬಿವಲಿ."

"ಅದು ಮನೆ. ಊರು?"

ಸುಳ್ಳು ಹೇಳಬಹುದಿತ್ತು. ಊರಿನ ವಿಷಯದಲ್ಲಿ ನಾಲಿಗೆ ಹೊರಳಲಿಲ್ಲ. "ಕಾಪು."

"ಡೊಂಬಿವಲಿಯಲ್ಲಿ ಕಾಪುನವರು ಅಂದ್ರೆ... ಅಯ್ಯೋ ದೇವರೇ! ವಸಂತಣ್ಣನ ಮನೆಯವರು, ಜಯಕ್ಕ ಅಲ್ವಾ? ನನ್ನ ಮಾವ ನಿಮ್ಮ ಗಲ್ಲಾದಲ್ಲೇ ಕೂತವರು!"

ಗಾಜಿನ ಬಾಗಿಲಿನ ಹಿಂದೆಯೂ ನಮ್ಮವರು! ಜಯಲತಾ ಪರ್ಸು ತೆರೆದು ಮುಂದಿಟ್ಟರು. "ನೋಡು ಮಾರಾಯ, ನಾನು ದುಡ್ಡು ಕೊಡುವವಳೇ."

"ನಿಮ್ಮ ಹತ್ರ ದುಡ್ಡು ತಗೊಳ್ಳುದಾ? ಮಾವ ನನ್ನನ್ನು ಮನೆಯೊಳಗೆ ಬಿಡ್ತಾರಾ?" ಸಾತ್ವಿಕ ಅಷ್ಟು ಹೊತ್ತಿಗೇ ಗಲ್ಲಾಕ್ಕೆ ಓಡಿ ಮೆಷಿನ್ನಿನ ಗುಂಡಿ ಒತ್ತಿಯಾಗಿತ್ತು. ಗೆದ್ದವನಂತೆ ವಾಪಸು ಬಂದ. "ಬಿಲ್ ಇಲ್ಲದೆ ಇಲ್ಲಿ ತಟ್ಟೆ ಹೊರಗೆ ಬರುದಿಲ್ಲ. ಒಂದೇ ದಾರಿ, ಸ್ಟಾಫ್ ಊಟ ಅಂತ ಹಾಕಿದೆ. ನೀವು ಆರಾಮ ಕೂತ್ಕೊಳ್ಳಿ."

ರೇವಣಸಿದ್ದ ತಟ್ಟೆ ತಂದ. ಭಟೂರೆ ತುಂಬು ಬಸುರಿಯ ಹೊಟ್ಟೆಯಂತೆ ಉಬ್ಬಿತ್ತು. ಮೆಲ್ಲಗೆ ಮುಂದಿಟ್ಟ. ಕೈ ಹಿಂದೆ ಹೋಯಿತು. ಬೆನ್ನು ಬಾಗತೊಡಗಿತು. ಜಯಲತಾ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು.

"ರೇವಣಸಿದ್ದ, ಅದು ಸ್ಟಾಫ್!" ಎಂದ ಸಾತ್ವಿಕ.

ಅರ್ಧ ಬಾಗಿದ ಬೆನ್ನು ಅಲ್ಲಿಂದಲೇ ವಾಪಸು ಹೋಯಿತು.

"ಎಂತ ಆಯ್ತು? ಹೇಳು" ಎಂದರು ಜಯಲತಾ.

"ಏನ್ ಹೇಳ್ಲಿರಿ ಅವ್ವಾರ?"

"ಅದೇ, ಎಲ್ಲರಿಗೂ ಹೇಳುದು."

"ಸ್ಟಾಫಿಗಿ ಹೇಳಂಗಿಲ್ರಿ. ಹಿಂದಕ್ಕ ನಾವ್ ನಾವ ಒಣಾ ರೊಟ್ಟಿ ತಿನ್ನೂವಾಗ ಎಂಜಾಯ್ ಸರ್, ಎಂಜಾಯ್ ಸರ್ ಅಂತ ಚೇಷ್ಟಿ ಮಾಡ್ತಿದ್ವಿರಿ. ಸೇಟ್ ಕ್ಯಾಮೆರಾದಾಗ ನೋಡಿ ಬಂದ್ ಮಾಡಿಸ್ಯಾನ್ರಿ."

"ನಾನು ಸ್ಟಾಫ್ ಅಲ್ಲ ಮಗಾ!"

"ಮಷಿನ್ಯಾಗ ಹಂಗ ಹಾಕ್ಯಾರಲ್ರಿ."

ಜಯಲತಾ ಸಾತ್ವಿಕನ ಕಡೆ ತಿರುಗಿದರು. "ಅದನ್ನು ತೆಗಿ. ಬಿಲ್ ಮಾಡು. ನಿನ್ನ ಕಾಲಿಗೆ ಬೇಕಾದ್ರೆ ಬೀಳ್ತೇನೆ."

ಸಾತ್ವಿಕ ಎರಡು ಹೆಜ್ಜೆ ಹಿಂದೆ ಹಾರಿದ. ಹಿರಿಯ ಹೆಂಗಸು ಬಿಲ್ಲಿಗಾಗಿ ಕಾಲು ಹಿಡಿಯುವುದನ್ನು ಅವನು ಎಲ್ಲೂ ಕಂಡಿರಲಿಲ್ಲ. "ಒಮ್ಮೆ ಒತ್ತಿದ್ರೆ ಮುಗೀತು ಅಕ್ಕ. ತೆಗೀಲಿಕ್ಕೆ ಸೇಟ್‌ನ ಪಾಸ್‌ವರ್ಡ್ ಬೇಕು. ಅವ ವಿಮಾನದಲ್ಲಿದ್ದಾನೆ."

"ಹಾಗಾದ್ರೆ ಇನ್ನೊಂದು ಪ್ಲೇಟ್ ತರ್ಸು. ಅದಕ್ಕೆ ಬಿಲ್ ಮಾಡು."

"ತರಿಸ್ತೇನೆ. ಆದ್ರೆ ದುಡ್ಡು ತಗೊಳ್ಳುದಿಲ್ಲ. ಅದನ್ನೂ ಸ್ಟಾಫಿಗೇ ಹಾಕ್ಬೇಕು."

ಭಟೂರೆಯ ಉಸಿರು ಸಣ್ಣಗೆ ಹೋಗಿ ಮೈ ಕುಗ್ಗಿತು. ಬಾಗಿಲಲ್ಲಿ ಮಕ್ಕಳುಮರಿಗಳ ಸಂಸಾರವೊಂದು ಜಾಗಕ್ಕಾಗಿ ಕಾಯುತ್ತಿತ್ತು. ರೇವಣಸಿದ್ದ ಅವರನ್ನು ನೋಡಿದ, ಗೋಡೆಯ ಮೇಲಿನ ಕ್ಯಾಮೆರಾ ನೋಡಿದ, ತಲೆ ಕೆರೆದುಕೊಂಡ.

"ಸಿಟ್ಟಾಗಬ್ಯಾಡ್ರಿ ಅವ್ವಾರ. ಸ್ಟಾಫ್ ಗಿರಾಕಿ ಟೇಬಲ್ ಮ್ಯಾಲ ಉಣ್ಣಂಗಿಲ್ರಿ. ಹಿಂದ ನಮ್ಮದೊಂದು ರೂಮ್ ಐತಿ, ಫ್ಯಾನ್ ಐತಿ."

ಅವನು ತಟ್ಟೆ ಎತ್ತಿಕೊಂಡು ಮುಂದೆ ನಡೆದ. ಜಯಲತಾ ಪರ್ಸು ಕಂಕುಳಿಗೆ ಸೇರಿಸಿ ಎದ್ದರು. ತಟ್ಟೆ ಹೋದ ದಿಕ್ಕಿಗೇ ಹೋದರು.