ಬೆಳ್ಳಗಾದ ಹಾಳೆ

ಗುಡ್ಡವ್ವನ ನೌಕರಿ ಹೋದದ್ದು ನನ್ನ ಒಂದು ಪತ್ರದಿಂದ. ಅದನ್ನು ಬರೆಯುವಾಗ ಒಂದಿಷ್ಟೂ ಅಳುಕಲಿಲ್ಲವಲ್ಲ ಎಂದು ಈಗ ನಾಚಿಕೆಯಾಗುತ್ತದೆ.

೧೯೬೨ರ ಮಾತು. ಧಾರವಾಡದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತ, ಡಾಕ್ಟರೇಟಿಗಾಗಿ ಪ್ಲಾಸ್ಟಿಕ್ಕಿನ ತೆಳು ಹಾಳೆ ತಯಾರಿಸುತ್ತಿದ್ದೆ. ಒಂದು ಬದಿಗೆ ರಕ್ತ, ಇನ್ನೊಂದು ಬದಿಗೆ ಆಮ್ಲಜನಕ ಇಟ್ಟರೆ ಅನಿಲ ಹಾಳೆಯನ್ನು ದಾಟಿ ರಕ್ತ ಕೆಂಪೇರಬೇಕು. ಹೃದಯದ ಶಸ್ತ್ರಕ್ರಿಯೆ ನಡೆಯುವಾಗ ಶ್ವಾಸಕೋಶದ ಕೆಲಸವನ್ನು ಇಂಥ ಹಾಳೆ ಮಾಡಬೇಕೆಂಬುದು ಕನಸು. ಪ್ಲಾಸ್ಟಿಕ್ಕನ್ನು ಅಸಿಟೋನಿನಲ್ಲಿ ಕರಗಿಸಿ, ಗಾಜಿನ ಮೇಲೆ ದೋಸೆಯ ಹಾಗೆ ಹರಡಿ ಆರಲು ಬಿಡುತ್ತಿದ್ದೆ. ಶ್ರಾವಣದಲ್ಲಿ ಹಾಳೆಗಳೆಲ್ಲ ಬೆಳ್ಳಗೆ ಮಬ್ಬಾದವು. ನನಗೋ ತಿಳಿಯಾದ ಹಾಳೆಯೇ ಬೇಕೆಂಬ ಹಟ; ಮಬ್ಬಾದವನ್ನು ಎಸೆಯುತ್ತಿದ್ದೆ.

ಪ್ರಯೋಗಾಲಯದ ಕಸ ಗುಡಿಸುವ ಗುಡ್ಡವ್ವ ಹತ್ತಿರದ ಹಳ್ಳಿ ಮುಗದದಿಂದ ಬರುತ್ತಿದ್ದಳು. ನೆಲವನ್ನು ದಿನಕ್ಕೆರಡು ಸಲ ಒದ್ದೆ ಅರಿವೆಯಿಂದ ಒರೆಸುವಳು. ಆ ತೇವವೇ ಹಾಳೆ ಕೆಡಿಸುತ್ತದೆಂದು ಅವಳ ಮೇಲೆ ಹರಿಹಾಯ್ದೆ.

"ಒರಸಬ್ಯಾಡ ಅಂದ್ರ ಕಿವಿಗೆ ಬೀಳೂದಿಲ್ಲೇನು?"

"ನೆಲಾ ಹೊಲಸ ಇಟ್ಟರ ದೊಡ್ಡ ಸಾಹೇಬ್ರು ಬೈತಾರ್ರಿ ಸರ."

ಇವಳ ಅಲಕ್ಷ್ಯದಿಂದ ಸಂಶೋಧನೆ ಹಾಳಾಗಿದೆ ಎಂದು ಪ್ರಿನ್ಸಿಪಾಲರಿಗೆ ಬರೆದೆ. ವಾರದೊಳಗೆ ಅವಳನ್ನು ತೆಗೆದರು.

ಬೇಸಿಗೆಯಲ್ಲಿ ಹಾಳೆಗಳು ತಿಳಿಯಾಗಿ ಬಂದವು. ಹಿಗ್ಗಿಬಿಟ್ಟೆ. ಕಟುಕ ಅಬ್ದುಲಗನಿ ಕೊಟ್ಟ ಕುರಿಯ ರಕ್ತವನ್ನು ಹೆಪ್ಪುಗಟ್ಟದಂತೆ ಮಾಡಿ ಪರೀಕ್ಷಿಸಿದೆ. ರಕ್ತ ಕಪ್ಪಾಗಿಯೇ ಉಳಿಯಿತು. ಒಂಬತ್ತು ಹಾಳೆ, ಒಂಬತ್ತೂ ದಂಡ. ಬೇಸತ್ತು, ಎಸೆಯದೆ ಮೂಲೆಯಲ್ಲಿ ಉಳಿದಿದ್ದ ಶ್ರಾವಣದ ಬಿಳಿ ಹಾಳೆಯೊಂದನ್ನು ಜೋಡಿಸಿದೆ. ಅರ್ಧ ತಾಸಿನಲ್ಲಿ ರಕ್ತ ಕೆಂಪಾಯಿತು. ತೇವವೇ ಅದರಲ್ಲಿ ಕಣ್ಣಿಗೆ ಕಾಣದ ರಂಧ್ರಗಳನ್ನು ಮಾಡಿತ್ತು. ಬಿಳುಪು ಆ ರಂಧ್ರಗಳದೇ ಗುರುತು. ನನ್ನ ಜಾಣತನಕ್ಕೆ ಬೆಂಕಿ ಬೀಳಲಿ!

ಮರುದಿನವೇ ಮುಗದಕ್ಕೆ ಹೋದೆ. ಗುಡ್ಡವ್ವ ರಸ್ತೆ ಕೆಲಸದಲ್ಲಿ ಕಲ್ಲು ಒಡೆಯುತ್ತಿದ್ದಳು.

"ತಪ್ಪು ನಂದಽ ಗುಡ್ಡವ್ವ. ನಾಳಿಂದ ಕೆಲಸಕ್ಕ ಬಾ."

ಅವಳು ಸುತ್ತಿಗೆ ಕೆಳಗಿಟ್ಟಳು. "ಸಾಹೇಬ್ರಿಗೆ ಹಂಗಂತ ಬರದ ಕೊಟ್ಟೀರೇನ್ರಿ?"

"ಅದೆಲ್ಲಾ ಯಾಕ ಬೇಕು? ಈ ಸಲ ಮಾಫ್ ಮಾಡ್ರಿ ಅಂತ ನಾ ಹೇಳ್ತೇನಿ."

"ಮಾಡದ ತಪ್ಪಿಗೆ ಮಾಫಿ ಯಾತಕ್ರಿ ಸರ? ನೀವು ಬರದ ಕೊಡ್ರಿ. ಅವತ್ತಽ ಬರ್ತೇನಿ."

ಬರೆಯುತ್ತೇನೆಂದು ಮಾತು ಕೊಟ್ಟು ಬಂದೆ. ಬರೆದರೆ, ಒಳ್ಳೆಯ ಹಾಳೆಗಳನ್ನೆಲ್ಲ ಎಸೆದ ದಡ್ಡ ನಾನೇ ಎಂದು ಊರಿಗೆಲ್ಲ ತಿಳಿಯುತ್ತಿತ್ತು. ಮೊದಲು ಡಾಕ್ಟರೇಟ್ ಆಗಲಿ ಎಂದುಕೊಂಡೆ. ಅದೂ ಆಯಿತು, ಪತ್ರ ಮಾತ್ರ ಬರೆಯಲಿಲ್ಲ. ಅರವತ್ತಾರರಲ್ಲಿ ಪ್ರಿನ್ಸಿಪಾಲರು ನಿವೃತ್ತರಾದರು. ಬೀಳ್ಕೊಡುವ ಸಭೆಯಲ್ಲಿ ಅವರಿಗೆ ಮಾಲೆ ಹಾಕಿ, ಅವರ ನ್ಯಾಯಬುದ್ಧಿಯ ಬಗ್ಗೆ ಹತ್ತು ನಿಮಿಷ ಮಾತಾಡಿದೆ. ಗುಡ್ಡವ್ವನ ಹೆಸರು ಎತ್ತಲಿಲ್ಲ.